ವರ್ಷಕ್ಕೊಂದು ಡಾಲರ್: ಗಂಗಾಮೂಲದಿಂದ ಕೇಡಗಾಂವಿಗೆ

ಪುಣೆಯ ಕನ್ನಡಿಗರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಗೊತ್ತಿಲ್ಲದೆ ಇರುವುದಿಲ್ಲ. ಪುಣೆ ಬಿಟ್ಟು ದೌಂಡ್ ಸೇರುವ ಮೊದಲು ಅದು ಕೇಡಗಾಂವ್ ಎಂಬ ಸಣ್ಣ ನಿಲ್ದಾಣವನ್ನು ಹಾದುಹೋಗುತ್ತದೆ. ಆಮೇಲೆ ಸೊಲ್ಲಾಪುರ, ಕಲಬುರಗಿ, ರಾಯಚೂರು. ಈ ಒಂದೇ ದಾರಿಯ ಮೂರು ಊರುಗಳಲ್ಲಿ ಒಬ್ಬ ಹೆಂಗಸಿನ ಬದುಕಿನ ಮೂರು ತುಂಡುಗಳು ಬಿದ್ದಿವೆ. ರಾಯಚೂರಿನಲ್ಲಿ ಅವರ ತಾಯಿ ಹಸಿವಿನಿಂದ ಸತ್ತರು. ಕಲಬುರಗಿಯಲ್ಲಿ ಅವರ ಮಗಳು ಶಾಲೆ ಕಟ್ಟಿದರು. ಕೇಡಗಾಂವದಲ್ಲಿ ಅವರೇ ಮಣ್ಣಾದರು. ಹುಟ್ಟಿದ್ದು ಮಾತ್ರ ಈ ದಾರಿಯಲ್ಲಿ ಅಲ್ಲ. ಅದು ಇನ್ನೂ ದೂರ, ಕುದುರೆಮುಖದ ಕಡೆಯ ಕಾಡಿನಲ್ಲಿ, ತುಂಗೆ ಭದ್ರೆ ನೇತ್ರಾವತಿಯರು ಹುಟ್ಟುವ ಗಂಗಾಮೂಲದಲ್ಲಿ.

ಪಂಡಿತಾ ರಮಾಬಾಯಿ ಎಂದರೆ ಮಹಾರಾಷ್ಟ್ರದವರು ಎಂದೇ ಎಲ್ಲರೂ ತಿಳಿದಿರುತ್ತಾರೆ. ತಪ್ಪೇನಲ್ಲ, ಮನೆಮಾತು ಮರಾಠಿ, ಕೆಲಸ ಪುಣೆಯದು. ಆದರೆ ತಂದೆ ಅನಂತ ಶಾಸ್ತ್ರಿ ಡೋಂಗರೆ ಕಾರ್ಕಳದ ಹತ್ತಿರದ ಮಾಳದವರು, ಘಟ್ಟದ ಬುಡದ ಚಿತ್ಪಾವನ ಮನೆತನ. ಓದಿಗಾಗಿ ಪುಣೆಗೆ ಹೋದ ಹುಡುಗ ಅಲ್ಲಿ ಒಂದು ಆಶ್ಚರ್ಯ ಕಂಡ. ಅವನ ಗುರುಗಳಾದ ರಾಮಚಂದ್ರ ಶಾಸ್ತ್ರಿ ಸಾಠೆಯವರು ಎರಡನೇ ಬಾಜೀರಾಯನ ಅರಮನೆಯಲ್ಲಿ ಪೇಶ್ವೆಯ ಹೆಂಡತಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸಿನ ಬಾಯಲ್ಲಿ ಶ್ಲೋಕ ಕೇಳಿದ ಅನಂತ ಶಾಸ್ತ್ರಿ ತನ್ನ ಹೆಂಡತಿಗೂ ಕಲಿಸಬೇಕೆಂದು ಊರಿಗೆ ಬಂದರು. ಮನೆಯ ಹಿರಿಯರು ಬಿಡಲಿಲ್ಲ, ಆ ಹೆಂಡತಿಗೂ ಮನಸ್ಸಿರಲಿಲ್ಲ. ಆಕೆ ತೀರಿಕೊಂಡ ಮೇಲೆ, ನಲವತ್ತು ದಾಟಿದ ಈ ವಿಧುರ ಗೋದಾವರಿ ತೀರದಲ್ಲಿ ಸ್ನಾನಕ್ಕೆ ಇಳಿದಿದ್ದಾಗ ಯಾತ್ರೆಗೆ ಬಂದಿದ್ದ ಒಬ್ಬ ಬ್ರಾಹ್ಮಣ ಮಾತಾಡಿಸಿ, ಕುಲಗೋತ್ರ ವಿಚಾರಿಸಿ, ತನ್ನ ಒಂಬತ್ತು ವರ್ಷದ ಮಗಳು ಲಕ್ಷ್ಮಿಯನ್ನು ಮರುದಿನವೇ ಧಾರೆ ಎರೆದುಕೊಟ್ಟ. ಇಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಆ ಕಾಲಕ್ಕೆ ಅದು ಸಾಮಾನ್ಯ ಸಂಗತಿ. ಸಾಮಾನ್ಯವಲ್ಲದ್ದು ಮುಂದಿನದು: ಆತ ಆ ಹುಡುಗಿಯನ್ನು ಮನೆಗೆ ಕರೆತಂದು ಸಂಸ್ಕೃತ ಕಲಿಸಲು ಕೂತರು.

ಊರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಅನಂತ ಶಾಸ್ತ್ರಿ ಉತ್ತರ ಹೇಳಬೇಕಾಯಿತು. ಹೆಣ್ಣಿಗೆ ವೇದ ಬೇಡ ಎನ್ನಲಿ, ಪುರಾಣ ಕಾವ್ಯಗಳನ್ನು ಓದಬಾರದೆಂದು ಯಾವ ಶಾಸ್ತ್ರದಲ್ಲಿದೆ ಎಂದು ಅವರು ಗ್ರಂಥಗಳನ್ನೇ ಮುಂದಿಟ್ಟು ವಾದಿಸಿದರು. ಸಭೆಗೆ ಅವರನ್ನು ತಪ್ಪಿತಸ್ಥ ಎನ್ನಲಾಗಲಿಲ್ಲ. ಗೆದ್ದರೂ ಊರಲ್ಲಿ ಇರುವ ಮನಸ್ಸಾಗದೆ ಹೆಂಡತಿಯನ್ನು ಕರೆದುಕೊಂಡು ಘಟ್ಟ ಹತ್ತಿ ಗಂಗಾಮೂಲದಲ್ಲಿ ಆಶ್ರಮ ಕಟ್ಟಿಕೊಂಡರು. ಹುಲಿ ಚಿರತೆ ಓಡಾಡುವ ಜಾಗ. ಅಲ್ಲಿ ಅಡಿಗೆ, ದನ, ಬರುವ ಹೋಗುವ ಯಾತ್ರಿಕರು, ಶಿಷ್ಯರು ಎಲ್ಲದರ ನಡುವೆ ಲಕ್ಷ್ಮೀಬಾಯಿ ಪಂಡಿತೆಯಾದರು. 1858ರ ಏಪ್ರಿಲ್ 23ರಂದು ಕಿರಿಯ ಮಗಳು ರಮಾ ಹುಟ್ಟಿದಳು.

ಆರು ತಿಂಗಳಿಗೇ ಆ ಆಶ್ರಮ ಮುಗಿಯಿತು. ಬಂದವರಿಗೆಲ್ಲ ಅನ್ನ ಹಾಕಿ ಸಾಲವಾಗಿತ್ತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳಿನ ತಲೆ ಮೇಲೆ ಹೊರಿಸಿ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಆಮೇಲೆ ಅವರಿಗೆ ಮನೆ ಎಂಬುದೇ ಇರಲಿಲ್ಲ. ದೇವಸ್ಥಾನದ ಜಗುಲಿಯಲ್ಲಿ, ನದಿಯ ಮೆಟ್ಟಿಲಲ್ಲಿ ಕೂತು ಪುರಾಣ ಓದುವುದು, ಕೇಳಿದವರು ಇಟ್ಟ ಅಕ್ಕಿ ಕಾಸಿನಲ್ಲಿ ಬದುಕುವುದು, ಮುಂದಿನ ಕ್ಷೇತ್ರಕ್ಕೆ ನಡೆಯುವುದು. ರಮಾಗೆ ಎಂಟು ವರ್ಷವಾದಾಗಿನಿಂದ ತಾಯಿ ಬೆಳಗಿನ ಜಾವ ಎಬ್ಬಿಸಿ, ನಿದ್ದೆಗಣ್ಣಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಶ್ಲೋಕ ಬಾಯಿಪಾಠ ಮಾಡಿಸಿದರು. ಹದಿಹರೆಯಕ್ಕೆ ಬರುವಷ್ಟರಲ್ಲಿ ಭಾಗವತದ ಹದಿನೆಂಟು ಸಾವಿರ ಶ್ಲೋಕ ಹುಡುಗಿಯ ನಾಲಿಗೆಯ ಮೇಲಿತ್ತು. ತಿರುಗಾಟದಲ್ಲಿ ಮರಾಠಿ, ಕನ್ನಡ, ಹಿಂದಿ ತಾವಾಗಿಯೇ ಬಂದವು. ಅಕ್ಕ ಕೃಷ್ಣಾಬಾಯಿಯ ಬಾಲ್ಯವಿವಾಹ ಹಾಳಾಗಿದ್ದನ್ನು ನೋಡಿದ ತಂದೆ ರಮಾಗೆ ಮದುವೆ ಮಾಡಲೇ ಇಲ್ಲ.

ಅನಂತ ಶಾಸ್ತ್ರಿಗಳಿಗೆ ಒಂದು ಕೊರತೆ ಇತ್ತು. ಹೆಣ್ಣಿಗೆ ಓದು ಕಲಿಸುವ ಧೈರ್ಯವಿದ್ದ ಮನುಷ್ಯನಿಗೆ ಮಕ್ಕಳಿಗೆ ಹೊಟ್ಟೆಪಾಡಿನ ಯಾವ ಕಸುಬನ್ನೂ ಕಲಿಸುವ ಯೋಚನೆ ಬರಲಿಲ್ಲ. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಕಡೆ ಬರ ಬಿದ್ದಾಗ ಪುರಾಣ ಕೇಳಲು ಯಾರಿಗೆ ಪುರುಸೊತ್ತು? ಕೈಯಲ್ಲಿದ್ದುದೆಲ್ಲ ದಾನಕ್ಕೂ ದೇವರಿಗೂ ಹೋಗಿತ್ತು. ಪಾತ್ರೆ, ಬಟ್ಟೆ ಮಾರಿದರು. ಕೂಲಿ ಮಾಡಲು ಬರುವುದಿಲ್ಲ, ಭಿಕ್ಷೆ ಬೇಡಲು ನಾಚಿಕೆ. ತಿರುಪತಿಯ ಕಡೆಯ ಕಾಡಿನಲ್ಲಿ ಎಲೆ, ಕಾಡುಹಣ್ಣು ತಿಂದು ದಿನ ನೂಕಿದರು. ಯಾವುದಾದರೂ ಪುಣ್ಯತೀರ್ಥದಲ್ಲಿ ಮುಳುಗಿ ಪ್ರಾಣ ಬಿಡುವುದೆಂದು ತಂದೆ ನಿಶ್ಚಯಿಸಿದಾಗ ಮಗ ಶ್ರೀನಿವಾಸ ತಡೆದು, ಏನಾದರೂ ಕೂಲಿ ಹುಡುಕುತ್ತೇನೆಂದ. ತಂದೆ ಉಳಿಯಲಿಲ್ಲ. ಉಳಿದವರು ರಾಯಚೂರಿಗೆ ಬಂದರು. ತಾಯಿಗೆ ಜ್ವರ, ಕೊಡಲು ಏನೂ ಇಲ್ಲ. ಆಕೆ ಸತ್ತಾಗ ಹೆಣ ಹೊರಲು ಜನ ಸಿಗಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಮನಸ್ಸು ಮಾಡಿದರು. ಮೂರನೆಯವ ಮಗ, ನಾಲ್ಕನೆಯವಳು ರಮಾ. ಗಿಡ್ಡಗಿದ್ದ ಹುಡುಗಿಗೆ ಭುಜ ಎಟುಕದೆ ಚಟ್ಟದ ಕೊನೆಯನ್ನು ತಲೆಯ ಮೇಲೆ ಇಟ್ಟುಕೊಂಡು ಮೂರು ಮೈಲಿ ನಡೆದಳು. ಅಕ್ಕನೂ ಹೆಚ್ಚು ದಿನ ಬದುಕಲಿಲ್ಲ.

ಮುಂದೆ ಆಕೆ ಏನು ಮಾಡಿದರೂ ಅದರ ಬುಡದಲ್ಲಿ ಈ ರಾಯಚೂರು ಇದೆ ಎಂದೇ ನನಗನಿಸುತ್ತದೆ. ಮತ, ವಾದ, ಪಾಂಡಿತ್ಯ ಎಲ್ಲ ಆಮೇಲಿನ ಮಾತು.

ಅಣ್ಣ ತಂಗಿ ದೇಶವನ್ನು ಕಾಲಲ್ಲಿ ಅಳೆದರು. ಝೇಲಂ ನದಿಯ ದಡದ ಚಳಿಯಲ್ಲಿ ಹೊದಿಕೆ ಇಲ್ಲದೆ ಮರಳಲ್ಲಿ ಗುಂಡಿ ತೋಡಿ, ಕುತ್ತಿಗೆಯವರೆಗೆ ಮರಳು ಎಳೆದುಕೊಂಡು ರಾತ್ರಿ ಕಳೆದದ್ದೂ ಉಂಟು. 1878ರಲ್ಲಿ ಕಲ್ಕತ್ತ ಮುಟ್ಟಿದಾಗ ಇಪ್ಪತ್ತರ ಈ ಅವಿವಾಹಿತೆಯ ಸಂಸ್ಕೃತ ಕೇಳಿ ಅಲ್ಲಿನ ಪಂಡಿತರು ಬೆರಗಾದರು. ಪರೀಕ್ಷೆ ಮಾಡಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಬ್ರಹ್ಮಸಮಾಜದ ಕೇಶವಚಂದ್ರ ಸೇನ್, ಹೆಣ್ಣಿಗೆ ನಿಷಿದ್ಧವೆಂದು ಆಕೆ ನಂಬಿದ್ದ ವೇದವನ್ನೂ ಕೈಗಿತ್ತರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು, ಜಾತಿಯ ಗಡಿ ದಾಟಿ, ನೋಂದಣಿ ಮದುವೆಯಾದರು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ. 1882ರ ಫೆಬ್ರುವರಿಯಲ್ಲಿ ಕಾಲರಾ ಗಂಡನನ್ನು ಕೊಂಡೊಯ್ಯಿತು. ಇಪ್ಪತ್ನಾಲ್ಕು ತುಂಬುವ ಮೊದಲೇ ವಿಧವೆ, ಕಂಕುಳಲ್ಲಿ ಕೂಸು.

ಅಲ್ಲಿಂದ ಪುಣೆಗೆ. ರಾನಡೆ, ಭಾಂಡಾರ್ಕರ್ ಮೊದಲಾದ ಸುಧಾರಕರು ಬರಮಾಡಿಕೊಂಡರು. ಆರ್ಯ ಮಹಿಳಾ ಸಮಾಜ ಶುರುವಾಯಿತು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕು, ಹೆಂಗಸರಿಗೆ ಹೆಂಗಸರೇ ವೈದ್ಯರು ಬೇಕು ಎಂದು ಹೇಳಿಕೆ ಕೊಟ್ಟರು. ವೈದ್ಯೆಯಾಗುವ ಆಸೆ ತಮಗೇ ಇತ್ತು. ಮರಾಠಿಯಲ್ಲಿ ಬರೆದ ಸ್ತ್ರೀಧರ್ಮನೀತಿ ಪುಸ್ತಕದ ಹಣದಲ್ಲಿ 1883ರಲ್ಲಿ ಮಗಳೊಂದಿಗೆ, ಆನಂದಿಬಾಯಿ ಭಗತ್ ಎಂಬ ಗೆಳತಿಯೊಂದಿಗೆ ಇಂಗ್ಲೆಂಡಿನ ಹಡಗು ಹತ್ತಿದರು. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ವಾಸ. ಅಲ್ಲಿಗೆ ಹೋಗಿ ಸ್ವಲ್ಪ ದಿನದಲ್ಲೇ ಗೆಳತಿ ಆತ್ಮಹತ್ಯೆ ಮಾಡಿಕೊಂಡರು. ಕಿವಿ ಮಂದವಾಗುತ್ತಾ ಬಂದು ವೈದ್ಯಕೀಯ ಓದುವ ಕನಸು ಬಿಡಬೇಕಾಯಿತು. 1883ರ ಸೆಪ್ಟೆಂಬರ್ 29ರಂದು ರಮಾಬಾಯಿ ಮಗಳೊಂದಿಗೆ ಕ್ರೈಸ್ತ ದೀಕ್ಷೆ ಪಡೆದರು.

ಏಕೆ ಎಂಬುದಕ್ಕೆ ಪುಣೆಯ ಹೋಟೆಲುಗಳಲ್ಲಿ ಇವತ್ತಿಗೂ ಎರಡು ಉತ್ತರ ಸಿಗುತ್ತವೆ, ಎರಡೂ ಸುಲಭದವು. ಅವರೇ ಕೊಟ್ಟ ಕಾರಣ ಬೇರೆ. ಲಂಡನ್ನಿನ ಫುಲ್ಹಾಮ್‌ನಲ್ಲಿ ಆ ಸನ್ಯಾಸಿನಿಯರು ದಾರಿತಪ್ಪಿದವರು ಎಂದು ಊರು ದೂಡಿದ ಹೆಂಗಸರನ್ನು ಸಾಕುತ್ತಿದ್ದರು. ತಮ್ಮ ಶಾಸ್ತ್ರಗಳು ಕೈಬಿಟ್ಟವರನ್ನು ಇವರು ಕೈಹಿಡಿಯುವುದನ್ನು ನೋಡಿ ಅವರ ಮನಸ್ಸು ತಿರುಗಿತು. ಆದರೆ ತಿರುಗಿದ ಮನಸ್ಸು ಬಾಗಲಿಲ್ಲ. ತ್ರಿಮೂರ್ತಿ ತತ್ವವನ್ನು ಪ್ರಶ್ನಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ನನಗೆ ಸಂಸ್ಕೃತ ಇರಲಿ ಎಂದರು. ಮೊಟ್ಟೆ ಮಾಂಸ ಮುಟ್ಟಲಿಲ್ಲ. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿದ್ದಾಗ ಗಂಡು ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳುವ ಮಾತು ಬಂತು. ಹೆಂಗಸು ಗಂಡಸರಿಗೆ ಕಲಿಸಿದರೆ ಭಾರತದಲ್ಲಿ ಹೆಸರು ಕೆಡುತ್ತದೆಂದು ಬಿಷಪರು ಅಡ್ಡಬಂದರು. ಉಡುಪಿಯ ಸಭೆಯ ಮುಂದೆ ನಿಂತ ತಂದೆಯ ಮಗಳು, ತನ್ನ ಆತ್ಮಸಾಕ್ಷಿಯನ್ನು ಯಾರಿಗೂ ಒತ್ತೆ ಇಟ್ಟಿಲ್ಲವೆಂಬ ಧಾಟಿಯಲ್ಲಿ ಪತ್ರ ಬರೆದರು. ಮತಾಂತರವಾದ ಕೂಡಲೇ ಮಿಷನ್‌ನವರ ಕೈಗೊಂಬೆಯಾದರು ಎನ್ನುವವರು ಈ ಪತ್ರವ್ಯವಹಾರ ಓದಬೇಕು. ಆಗಲೂ ಪುಣೆಯಲ್ಲಿ ಅವರ ಪರ ಬರೆದವರಿದ್ದರು, ಅವರಲ್ಲಿ ಜೋತಿರಾವ್ ಫುಲೆ ಒಬ್ಬರು.

1886ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಆನಂದಿಬಾಯಿ ಜೋಶಿ ವೈದ್ಯ ಪದವಿ ಪಡೆದರು. ದೂರದ ಬಂಧು. ಆ ಸಮಾರಂಭಕ್ಕೆಂದು ಹೋದ ರಮಾಬಾಯಿ ಅಮೆರಿಕದಲ್ಲಿ ಎರಡು ವರ್ಷಕ್ಕೂ ಮೀರಿ ಉಳಿದರು. ಮುಖ್ಯ ಕಥೆ ಇಲ್ಲಿಂದ ಶುರು.

ಅವರ ಯೋಜನೆ ಸರಳ. ಬಾಲವಿಧವೆಯರಿಗೆ ಒಂದು ವಸತಿ ಶಾಲೆ. ತಲೆ ಬೋಳಿಸಿ ಮೂಲೆಗೆ ಕೂರಿಸಿದ ಹುಡುಗಿ ಅಲ್ಲಿ ಓದಿ, ಕಸುಬು ಕಲಿತು, ಸ್ವಂತ ಕಾಲ ಮೇಲೆ ನಿಲ್ಲಬೇಕು. ಹಣ ಎಲ್ಲಿಂದ? 1887ರಲ್ಲಿ ಇಂಗ್ಲಿಷಿನಲ್ಲಿ ದಿ ಹೈ ಕಾಸ್ಟ್ ಹಿಂದೂ ವುಮನ್ ಎಂಬ ಪುಸ್ತಕ ಬರೆದು, ಊರೂರು ಸುತ್ತಿ ಭಾಷಣ ಮಾಡಿದರು. ಬಿಳಿ ಸೀರೆ, ಮೋಟು ಕೂದಲು, ಬೂದುಗಣ್ಣು, ತಡವರಿಸದ ಇಂಗ್ಲಿಷು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೋಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಎಡ್ವರ್ಡ್ ಎವರೆಟ್ ಹೇಲ್ ಎಂಬ ಯೂನಿಟೇರಿಯನ್ ಪಾದ್ರಿ ಅದರ ಅಧ್ಯಕ್ಷರು. ಅದರ ಕೆಳಗೆ ಊರೂರಿಗೆ ರಮಾಬಾಯಿ ಸರ್ಕಲ್‌ಗಳು. ಸದಸ್ಯರಾದವರು ವರ್ಷಕ್ಕೆ ಕನಿಷ್ಠ ಒಂದು ಡಾಲರ್‌ನಂತೆ ಹತ್ತು ವರ್ಷ ಕೊಡುತ್ತೇವೆಂದು ಮಾತು ಕೊಡಬೇಕು.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಇದು ಸಬ್‌ಸ್ಕ್ರಿಪ್ಷನ್. ಒಬ್ಬ ಧನಿಕನ ದೊಡ್ಡ ಚೆಕ್ಕಿಗಿಂತ ಸಾವಿರ ಜನರ ಸಣ್ಣ ಕಂತು ಗಟ್ಟಿ, ಏಕೆಂದರೆ ಮುಂದಿನ ವರ್ಷದ ಅಕ್ಕಿ ಎಷ್ಟು ಕೊಳ್ಳಬಹುದೆಂದು ಈ ವರ್ಷವೇ ಲೆಕ್ಕ ಹಾಕಬಹುದು. ಅದಕ್ಕೆ ಬದಲಾಗಿ ಕೊಟ್ಟವರಿಗೆ ವಾರ್ಷಿಕ ವರದಿ, ಹುಡುಗಿಯರ ಕಥೆ, ಫೋಟೊ. ಈಗ ಪುಣೆ, ಹೈದರಾಬಾದಿನ ಐಟಿ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಬರುವ, ಒಂದು ಮಗುವಿನ ಓದಿನ ಖರ್ಚು ಹೊರಿ ಎಂಬ ಇಮೇಲ್‌ಗೂ ಅದಕ್ಕೂ ಸ್ವರೂಪದಲ್ಲಿ ಹೆಚ್ಚು ಫರಕಿಲ್ಲ. ಮಗುವಿನ ನಗುಮುಖ, ತಿಂಗಳ ಕಂತು, ವರ್ಷದ ಕೊನೆಗೆ ಬಣ್ಣದ ಪೆನ್ಸಿಲಿನಲ್ಲಿ ಬರೆದ ಥ್ಯಾಂಕ್ಯೂ ಪತ್ರ. ಇಂಥದ್ದಕ್ಕೆ ಇಪ್ಪತ್ತನೇ ಶತಮಾನದಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳೇ ಹುಟ್ಟಿಕೊಂಡವು. ಕೊರಿಯಾ ಯುದ್ಧದ ಅನಾಥರಿಗಾಗಿ 1952ರಲ್ಲಿ ಶುರುವಾದ ಕಂಪ್ಯಾಷನ್ ಇಂಟರ್‌ನ್ಯಾಷನಲ್ 2017ರಲ್ಲಿ ವಿದೇಶಿ ದೇಣಿಗೆ ನಿಯಮಗಳ ತಕರಾರಿನಲ್ಲಿ ಭಾರತ ಬಿಡುವಾಗ ಇಲ್ಲಿ ಒಂದೂವರೆ ಲಕ್ಷದ ಆಸುಪಾಸು ಮಕ್ಕಳು ಅದರ ಪಟ್ಟಿಯಲ್ಲಿದ್ದರು. ಆಗ ಎದ್ದ ಪ್ರಶ್ನೆ, ಕೊಟ್ಟ ಹಣ ಅನ್ನಕ್ಕೋ ಮತಕ್ಕೋ ಎಂಬುದು. ಅದೇ ಪ್ರಶ್ನೆಯನ್ನು ಪುಣೆ 1893ರಲ್ಲೇ ರಮಾಬಾಯಿಯವರಿಗೆ ಕೇಳಿತ್ತು.

ಬೋಸ್ಟನ್‌ನ ಒಪ್ಪಂದ ಸ್ಪಷ್ಟವಿತ್ತು: ಶಾಲೆಯಲ್ಲಿ ಮತಬೋಧನೆ ಇಲ್ಲ. 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ತೆರೆದಾಗ ಅಲ್ಲಿ ಬ್ರಾಹ್ಮಣ ಹುಡುಗಿಯರ ಮಡಿಗೆ ತಕ್ಕ ಅಡಿಗೆಯ ವ್ಯವಸ್ಥೆಯೇ ಇತ್ತು. ಸಲಹಾ ಮಂಡಳಿಯಲ್ಲಿ ರಾನಡೆ, ಭಾಂಡಾರ್ಕರ್, ತೆಲಂಗ್. ಮೊದಲು ಬಂದ ವಿಧವೆ ಗೋದೂಬಾಯಿ. ಮುಂದೆ 1893ರಲ್ಲಿ ಧೋಂಡೊ ಕೇಶವ ಕರ್ವೆ ಅವರನ್ನು ಮದುವೆಯಾದರು. ನಮ್ಮವರು ಎಷ್ಟೋ ಜನ ಬಾಡಿಗೆಗಿರುವ ಕರ್ವೆನಗರದ ಹೆಸರಿನ ಆ ಕರ್ವೆಯವರೇ. ಅವರು 1896ರಲ್ಲಿ ತಮ್ಮದೇ ವಿಧವಾಶ್ರಮ ಕಟ್ಟಿದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ. ಅಮೆರಿಕದ ಒಂದು ಡಾಲರ್ ಹೀಗೆ ಸುತ್ತಿ ಬಳಸಿ ಯಾವ ಬಾಗಿಲು ತೆರೆಯಿತೆಂದು ಬೋಸ್ಟನ್‌ನ ಲೆಕ್ಕದ ಪುಸ್ತಕದಲ್ಲಿ ಎಲ್ಲಿ ಬರೆದಾರು?

1890ರ ಕೊನೆಗೆ ಸದನ ಪುಣೆಗೆ ಬಂತು. ಮುಂಬೈಯ ಖರ್ಚು ತಡೆಯಲಿಲ್ಲ. ರಮಾಬಾಯಿಯವರ ಸ್ವಂತ ನಂಬಿಕೆ ಈ ಹೊತ್ತಿಗೆ ಇನ್ನೂ ಗಾಢವಾಗಿತ್ತು. ದಿನವೂ ತಮ್ಮ ಕೋಣೆಯಲ್ಲಿ ಮಗಳ ಜತೆ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಒಳಗೆ ಬಂದು ಕೂರತೊಡಗಿದರು. ಬನ್ನಿ ಎಂದು ಕರೆದಿಲ್ಲ, ಬಂದವರನ್ನು ಹೋಗಿ ಎನ್ನುವುದಿಲ್ಲ ಎಂಬುದು ಅವರ ನಿಲುವು. ಕೇಸರಿ ಪತ್ರಿಕೆಯಲ್ಲಿ ತಿಲಕರು ಹರಿಹಾಯ್ದರು. 1893ರಲ್ಲಿ ರಾನಡೆ, ಭಾಂಡಾರ್ಕರ್ ಇಬ್ಬರೂ ಮಂಡಳಿ ಬಿಟ್ಟರು. ಪೋಷಕರು ಬಂದು ಸುಮಾರು 25 ಹುಡುಗಿಯರನ್ನು ಕರೆದೊಯ್ದರು.

ಇಲ್ಲಿ ಯಾರದು ಸರಿ? ತಿಲಕರು ಹೆಣ್ಣುಮಕ್ಕಳ ಓದಿನ ವಿಷಯದಲ್ಲಿ ಸಂಪ್ರದಾಯಸ್ಥರು, ಅವರ ಸಿಟ್ಟಿನ ಹಿಂದೆ ಅದೂ ಇತ್ತು. ಆದರೆ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ತನಗೆ ಅನ್ನ, ಅಕ್ಷರ, ಮರ್ಯಾದೆ ಎಲ್ಲ ಕೊಟ್ಟವರು ತೆರೆದ ಬಾಗಿಲಿನ ಕೋಣೆಯಲ್ಲಿ ಕೈಮುಗಿದು ಕೂತಿರುವಾಗ ಹದಿಮೂರರ ಹುಡುಗಿಯೊಬ್ಬಳು ಒಳಗೆ ಹೋದರೆ, ಅದು ಅವಳದೇ ಆಯ್ಕೆ ಎಂದು ಎಷ್ಟು ಧೈರ್ಯವಾಗಿ ಹೇಳಬಹುದು? ಇನ್ನೊಂದು ಕಡೆ, ಕರೆದೊಯ್ದ ಆ ಇಪ್ಪತ್ತೈದು ಜನ ಎಲ್ಲಿಗೆ ಹೋದರು? ಹೆಚ್ಚಿನವರು ಬಂದ ಮೂಲೆಗೇ. ಅವರಿಗೆ ಬೇರೆ ಶಾಲೆ ಅಂದಿನ ಪುಣೆಯಲ್ಲಿ ಯಾರೂ ಕಟ್ಟಿರಲಿಲ್ಲ. ಹಣ ಕೊಟ್ಟವರಿಗೂ ಗಾಬರಿಯಾಗಿ, ಬೋಸ್ಟನ್ ಸಮಿತಿಯ ಮುಖ್ಯಸ್ಥೆ ಜೂಡಿತ್ ಆಂಡ್ರೂಸ್ ಸ್ವತಃ ಪುಣೆಗೆ ಬಂದು ನೋಡಿದರು. ಸಮಿತಿ ರಮಾಬಾಯಿಯವರ ಬೆನ್ನಿಗೆ ನಿಂತಿತು.

ಹಣ ಎತ್ತುವುದರಲ್ಲಿ ಇನ್ನೊಂದು ಮುಳ್ಳಿತ್ತು. ದೂರದ ದಾನಿಯ ಮನಸ್ಸು ಕರಗಬೇಕಾದರೆ ನಮ್ಮ ದುಃಖವನ್ನು ಅವರ ಮುಂದೆ ಹರಡಬೇಕು. 1895ರಲ್ಲಿ ವಿವೇಕಾನಂದರು ಬ್ರೂಕ್ಲಿನ್‌ನಲ್ಲಿ ಉಪನ್ಯಾಸ ಮಾಡುವಾಗ ಹಿಂದೂ ವಿಧವೆಯರ ಸ್ಥಿತಿಯ ಬಗ್ಗೆ ಅಮೆರಿಕದಲ್ಲಿ ಹಬ್ಬಿದ್ದ ಚಿತ್ರ ಉತ್ಪ್ರೇಕ್ಷೆ ಎಂದರು. ಅಲ್ಲಿನ ರಮಾಬಾಯಿ ಸರ್ಕಲ್‌ನ ಹೆಂಗಸರು ಪತ್ರಿಕೆಗಳಲ್ಲಿ ತಿರುಗಿಬಿದ್ದರು. ಪರದೇಶದಲ್ಲಿ ಊರಿನ ಮಾನ ಕಾಪಾಡಬೇಕೆನ್ನುವ ಸನ್ಯಾಸಿ, ಊರಿನ ಮಾನಕ್ಕಿಂತ ಮೂಲೆಯ ಹುಡುಗಿಯ ಊಟ ಮುಖ್ಯ ಎನ್ನುವ ವಿಧವೆ. ಹೊರನಾಡಿನಲ್ಲಿ ಬದುಕುವ ನಮಗೆ ಈ ಇಬ್ಬರ ಕಷ್ಟವೂ ಸ್ವಲ್ಪ ಅರ್ಥವಾಗುತ್ತದೆ. ದಿಲ್ಲಿಯ ಗೆಳೆಯನೆದುರು ಊರಿನ ಹುಳುಕು ಹೇಳುವಾಗ ನಾಲಿಗೆ ತಡೆಯುವುದಿಲ್ಲವೇ?

1896ರ ಕೊನೆಗೆ ಮಧ್ಯಪ್ರಾಂತ್ಯದಲ್ಲಿ ಕ್ಷಾಮದ ಸುದ್ದಿ ಬಂತು. ಸುಮಾರು ಇಪ್ಪತ್ತು ವರ್ಷದ ಹಿಂದಿನ ರಾಯಚೂರು ಅವರನ್ನು ಮನೆಯಲ್ಲಿ ಕೂರಲು ಬಿಡಲಿಲ್ಲ. ಪರಿಹಾರ ಶಿಬಿರಗಳಲ್ಲಿ, ಬಡವರ ಛತ್ರಗಳಲ್ಲಿ ಚರ್ಮ ಮೂಳೆಗಂಟಿದ ಮಕ್ಕಳು. ಅವರ ಸುತ್ತ ಹುಡುಗಿಯರನ್ನು ಕೊಂಡೊಯ್ಯಲು ಹೊಂಚುವ ದಲ್ಲಾಳಿಗಳು. ರಮಾಬಾಯಿ ತಂಡತಂಡವಾಗಿ ಹುಡುಗಿಯರನ್ನು ಪುಣೆಗೆ ಕರೆತಂದರು. ಅಷ್ಟರಲ್ಲಿ ಪುಣೆಗೆ ಪ್ಲೇಗ್ ಬಡಿಯಿತು. ಹೊಸಬರನ್ನು ಊರೊಳಗೆ ಇಟ್ಟುಕೊಳ್ಳಕೂಡದೆಂದು ಅಧಿಕಾರಿಗಳು ಹೇಳಿದರು. ಹಣ್ಣಿನ ತೋಟದ ಆದಾಯವಿರಲಿ, ಡಾಲರು ನಿಂತ ಮೇಲೂ ಸದನ ನಡೆಯಲಿ ಎಂದು ಮುಂದಾಲೋಚನೆಯಿಂದ ಕೇಡಗಾಂವದಲ್ಲಿ ನೂರು ಎಕರೆ ಕೊಂಡಿಟ್ಟಿದ್ದರು. ಪುಣೆಯಿಂದ ಅರವತ್ತು ಕಿಲೋಮೀಟರಿನ ಆಸುಪಾಸು. ಆ ಬಯಲಿನಲ್ಲಿ ಡೇರೆ, ತಗಡಿನ ಸೂರು ಎದ್ದವು. ಒಂದೇ ವರ್ಷದಲ್ಲಿ ಮುನ್ನೂರರಷ್ಟು ಹುಡುಗಿಯರು. ಅದಕ್ಕಿಟ್ಟ ಹೆಸರು ಮುಕ್ತಿ.

ಇದೇ 1897ರಲ್ಲಿ ಪ್ಲೇಗ್ ಆಸ್ಪತ್ರೆಯಲ್ಲಿ ತಮ್ಮ ಹುಡುಗಿಯೊಬ್ಬಳಿಗೆ ಆದ ಗತಿಯ ಬಗ್ಗೆ, ಸರ್ಕಾರದ ಪ್ಲೇಗ್ ವ್ಯವಸ್ಥೆಯ ಬಗ್ಗೆ ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಖಾರವಾಗಿ ಬರೆದರು. ಮುಂಬೈಯ ಗವರ್ನರನೇ ಉತ್ತರಿಸಬೇಕಾಯಿತು. ಆ ದಿನಗಳಲ್ಲಿ ಈ ವಿಷಯಕ್ಕೆ ಸರ್ಕಾರದ ಮೇಲೆ ಸಿಡಿದೆದ್ದ ಇನ್ನೊಂದು ಪತ್ರಿಕೆ ಯಾವುದು ಗೊತ್ತಲ್ಲ, ಕೇಸರಿ!

1900ರಲ್ಲಿ ಗುಜರಾತಿನಲ್ಲಿ ಬರ. ಮತ್ತೆ ಗಾಡಿಗಳು ಹೊರಟವು. ಮುಕ್ತಿಯ ಜನಸಂಖ್ಯೆ ಒಂದೂವರೆ ಸಾವಿರ ಮುಟ್ಟಿತು. ಇಷ್ಟು ಜನರ ದಿನದ ಜೋಳ, ಬೇಳೆ, ನೀರು, ಕಕ್ಕಸು ಎಂದು ಯೋಚಿಸಿ ನೋಡಿ, ತಲೆ ತಿರುಗುತ್ತದೆ. ಕಿವಿ ಸರಿಯಾಗಿ ಕೇಳದ ಒಬ್ಬ ಹೆಂಗಸು ಇದನ್ನು ನಡೆಸಿದರು. ಬಾವಿ ತೋಡಿಸಿದರು. ಮೊದಲೇ ಇದ್ದ ಶಾರದಾ ಸದನದ ಹುಡುಗಿಯರಿಗೆ ಹೊಸ ಮಕ್ಕಳ ಜವಾಬ್ದಾರಿ ಹಂಚಿದರು, ಹುಣ್ಣು ತೊಳೆಯುವುದು, ಹೇನು ತೆಗೆಯುವುದು, ರಾತ್ರಿ ಪಕ್ಕದಲ್ಲಿ ಮಲಗುವುದು. ಹೊಲಗೆಲಸ, ನೇಯ್ಗೆ, ಎಣ್ಣೆ ಗಾಣ, ಹೊಲಿಗೆ, ಹೈನು, ಮುದ್ರಣಾಲಯ. ಕುರುಡು ಹುಡುಗಿಯರಿಗೆ ಮನೋರಮಾ ಬ್ರೈಲ್ ಕಲಿಸಿದರು. ಗಂಡಸರು ಕೆಡಿಸಿ ಬಿಟ್ಟುಹೋದ ಹೆಂಗಸರಿಗೆ ಕೃಪಾ ಸದನ, ಮುದುಕಿಯರಿಗೆ ಪ್ರೀತಿ ಸದನ. ತಂದೆ ತಮಗೆ ಕಲಿಸದೆ ಹೋದದ್ದನ್ನು, ಅಂದರೆ ಕೈಕೆಲಸವನ್ನು, ಅವರು ಇಲ್ಲಿ ಯಾರಿಗೂ ತಪ್ಪಿಸಲಿಲ್ಲ. ಓದು ಬಂದರೆ ಸಾಲದು, ಗಾಣವೂ ತಿರುಗಿಸಬೇಕು.

ಆದರೆ ಶಾರದಾ ಸದನದ ಒಪ್ಪಂದ ಇಲ್ಲಿರಲಿಲ್ಲ. ಹತ್ತು ವರ್ಷದ ವಾಯಿದೆ ಮುಗಿದಾಗ, 1898ರಲ್ಲಿ, ಅಮೆರಿಕಕ್ಕೆ ಹೋಗಿ ಲೆಕ್ಕ ಒಪ್ಪಿಸಿದರು. ಹೊಸ ಹೆಸರಿನ ಸಂಘ ಅವರ ಹೊಸ ದಾರಿಯನ್ನು ಒಪ್ಪಿಕೊಂಡಿತು. ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಕ್ಷಾಮದಿಂದ ಬಂದ ಹುಡುಗಿಯರು ಗುಂಪುಗುಂಪಾಗಿ ದೀಕ್ಷಾಸ್ನಾನ ಪಡೆದರು. 1905ರಲ್ಲಿ ಅಲ್ಲಿ ಎದ್ದ ಭಕ್ತಿಯ ಅಲೆಯ ಸುದ್ದಿ ಅಮೆರಿಕ, ಇಂಗ್ಲೆಂಡುಗಳ ಧಾರ್ಮಿಕ ಪತ್ರಿಕೆಗಳಲ್ಲೆಲ್ಲ ಬಂತು. ನೋಡಲು, ಜತೆಗೆ ಪ್ರಾರ್ಥಿಸಲು, ಕೆಲವರು ಉಳಿದು ಕೆಲಸ ಮಾಡಲು ಹಡಗು ಹತ್ತಿ ಬಂದರು. 1898ರಲ್ಲೇ ಬಂದಿದ್ದ ಅಮೆರಿಕದ ಮಿನ್ನಿ ಏಬ್ರಮ್ಸ್ ಅವರಲ್ಲಿ ಹೆಸರಾದವರು. ಮನೋರಮಾ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸುತ್ತಿ ಅಲ್ಲಿಯೂ ಬೆಂಬಲಿಗರನ್ನು ಕೂಡಿಸಿದರು. ಇದೇ ಹೊತ್ತಿಗೆ ನ್ಯೂಯಾರ್ಕಿನ ಕ್ರಿಶ್ಚಿಯನ್ ಹೆರಾಲ್ಡ್ ವಾರಪತ್ರಿಕೆ ಭಾರತದ ಕ್ಷಾಮದ ಅನಾಥರನ್ನು ಸಾಕಲು ಓದುಗರಿಂದ ಹಣ ಕೂಡಿಸುತ್ತಿತ್ತು. ಕ್ಷಾಮದ ಮಗುವಿನ ಎಲುಬು ಕಾಣುವ ಫೋಟೊ, ಪಕ್ಕದಲ್ಲಿ ಕೆಲವು ತಿಂಗಳ ನಂತರದ ದುಂಡುಮುಖದ ಫೋಟೊ. ಈ ಜೋಡಿ ಚಿತ್ರದ ಉಪಾಯ ಆಗಿನಿಂದ ಇಂದಿನವರೆಗೆ ಸವೆದಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಶಾರದಾ ಸದನದ ವಿಧವೆಗೆ ಕೆಟ್ಟದ್ದೋ ಒಳ್ಳೆಯದ್ದೋ ಒಂದು ಮನೆ ಇತ್ತು. ಜಗಳವಾದಾಗ ಬಂದು ಎಳೆದೊಯ್ಯಲು ಮಾವನೋ ಅಣ್ಣನೋ ಇದ್ದ. ಬರದ ಮಗುವಿಗೆ ಯಾರೂ ಇರಲಿಲ್ಲ. ಅದಕ್ಕಾಗಿ ಕೇಸರಿಯಲ್ಲಿ ಯಾರೂ ಸಂಪಾದಕೀಯ ಬರೆಯಲಿಲ್ಲ, ರಾಜೀನಾಮೆ ಕೊಡಲಿಲ್ಲ. ಹೇಳುವವರು ಕೇಳುವವರು ಇಲ್ಲದ ಮಗುವಿನ ಮತವನ್ನು ಅನ್ನ ಹಾಕಿದವರು ತೀರ್ಮಾನಿಸಿದರು. ಸ್ವಂತ ಆತ್ಮಸಾಕ್ಷಿಗಾಗಿ ಬಿಷಪರ ಜತೆ ಅಷ್ಟು ಹಟ ಹಿಡಿದ ಹೆಂಗಸು ಆ ಮಕ್ಕಳಿಗೂ ಬೆಳೆದು ತೀರ್ಮಾನಿಸುವಷ್ಟು ಸಮಯ ಕೊಡಬಹುದಿತ್ತು ಎಂದು ಅನಿಸದೆ ಇರುವುದಿಲ್ಲ. ಹಾಗೆ ಅನಿಸಿದ ಮರುಕ್ಷಣ ಇನ್ನೊಂದೂ ನೆನಪಾಗುತ್ತದೆ. ಆ ಶಿಬಿರಗಳಿಗೆ ಗಾಡಿ ಕಟ್ಟಿಕೊಂಡು ಹೋಗುವ ದಾರಿ ಪುಣೆಯ ಎಲ್ಲರಿಗೂ ತೆರೆದೇ ಇತ್ತು. ರಮಾಬಾಯಿಗೆ ಆ ಮಕ್ಕಳು ಫೋಟೊದ ಮಕ್ಕಳಾಗಿರಲಿಲ್ಲ. ಅವರು ರಾಯಚೂರಿನ ರಮಾ. ತನಗೆ ಜೀವ ಕೊಟ್ಟಿತೆಂದು ತಾನು ನಂಬಿದ್ದನ್ನು ಅವರಿಗೆ ಕೊಡದೆ ಅನ್ನವನ್ನಷ್ಟೇ ಕೊಡುವುದು ಅವರ ಲೆಕ್ಕದಲ್ಲಿ ಅರ್ಧ ಕೊಟ್ಟಂತೆ. ಒಪ್ಪದಿರಬಹುದು, ಅರ್ಥವಾಗುತ್ತದೆ.

ಕೊನೆಯ ಹದಿನೈದು ವರ್ಷಕ್ಕೂ ಮಿಕ್ಕಿ ಅವರು ಒಂದೇ ಕೆಲಸ ಹಿಡಿದು ಕೂತರು. ಬೈಬಲ್ಲಿನ ಆಗಿನ ಮರಾಠಿ ಅನುವಾದ ಅವರಿಗೆ ಹಿಡಿಸಿರಲಿಲ್ಲ. ಸಂಸ್ಕೃತ ಪದಗಳ ಭಾರ ಹೆಚ್ಚು, ಹಳ್ಳಿಯ ಹೆಂಗಸಿಗೆ ತಿಳಿಯದು. ಹದಿನೆಂಟು ಸಾವಿರ ಶ್ಲೋಕ ಬಾಯಿಪಾಠ ಬರುತ್ತಿದ್ದ ಪಂಡಿತೆ ಸಂಸ್ಕೃತವನ್ನು ಸೋಸಿ ತೆಗೆಯಲು ನಿಂತರು. ಅದಕ್ಕಾಗಿ ಐವತ್ತರ ಹತ್ತಿರದ ವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತರು. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು.

ಸಂಸ್ಥೆಯನ್ನು ಮನೋರಮಾ ಕೈಗೆ ಒಪ್ಪಿಸುವ ಯೋಚನೆ ಇತ್ತು. ಮಗಳು ಶಾರದಾ ಸದನದ ಮುಖ್ಯೋಪಾಧ್ಯಾಯಿನಿ. 1912ರ ಸುಮಾರಿಗೆ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗಾಕ್ಕೆ ಹೋಗಿ ಶಾಲೆ ತೆರೆದವರೂ ಅವರೇ, ತಾಯಿಯ ಕೆಲಸ ಕನ್ನಡದ ನೆಲಕ್ಕೆ ತಿರುಗಿ ಬಂದದ್ದು ಹೀಗೆ. ಹೃದಯ ದುರ್ಬಲವಾಗಿತ್ತು. 1921ರ ಜುಲೈ 24ರಂದು ನಲವತ್ತನೇ ವಯಸ್ಸಿನಲ್ಲಿ ಮನೋರಮಾ ತೀರಿಕೊಂಡರು. ಅಪ್ಪ, ಅಮ್ಮ, ಅಕ್ಕ, ಅಣ್ಣ, ಗಂಡ, ಈಗ ಮಗಳು. ರಮಾಬಾಯಿ ಮತ್ತೆ ಕರಡು ತಿದ್ದಲು ಕೂತರು. 1922ರ ಏಪ್ರಿಲ್ 5ರಂದು ನಿದ್ದೆಯಲ್ಲೇ ಹೋ‌ದರು. ಅನುವಾದ ಅಷ್ಟು ಹೊತ್ತಿಗೆ ಮುಗಿದಿತ್ತು.

ಅದರ ಪೂರ್ಣ ಮುದ್ರಣ 1924ರಲ್ಲಿ ಹೊರಬಂತು. ಅಚ್ಚಿನ ಮೊಳೆ ಜೋಡಿಸಿದವರು, ಯಂತ್ರ ತಿರುಗಿಸಿದವರು, ಹಾಳೆ ಮಡಚಿ ಹೊಲಿದು ರಟ್ಟು ಹಾಕಿದವರು ಮುಕ್ತಿಯ ಹೆಂಗಸರೇ. ಬರದ ವರ್ಷಗಳಲ್ಲಿ ಗಾಡಿಯಲ್ಲಿ ಬಂದಿಳಿದಾಗ ಅವರಲ್ಲಿ ಎಷ್ಟೋ ಜನರಿಗೆ ಅಕ್ಷರ ಬರುತ್ತಿರಲಿಲ್ಲ.